ಬಾಡಿಗೆ ಮನೆ ಹುಡುಕಾಟ: ಅರ್ಧ ಫಿಲ್ಟರ್ ಖಾಲಿ ಬಿಟ್ಟವರಿಗೆ ಕ್ವೆರಿ ಕಟ್ಟುವುದು ಹೇಗೆ?

ವಾಕಡ್ ವಾಸಿ (ಪ್ರಶ್ನೆ)

ನಮಸ್ಕಾರ. ಪುಣೆ ಮತ್ತು ಪಿಂಪ್ರಿ-ಚಿಂಚ್‌ವಡ್ ಕಡೆಯ ಕನ್ನಡಿಗರಿಗೆಂದು ಬಾಡಿಗೆ ಮನೆ ಹುಡುಕುವ ಪುಟವೊಂದನ್ನು ಮಾಡುತ್ತಿದ್ದೇವೆ. ಡೇಟಾಬೇಸ್ ಪೋಸ್ಟ್‌ಗ್ರೆಸ್ 16, ಕೋಡ್ ಪೈಥಾನ್, ಎರಡನ್ನೂ ಜೋಡಿಸುವ ಲೈಬ್ರರಿ ಸೈಕಾಪ್‌ಜಿ 3. ಓಆರ್‌ಎಂ (ಎಸ್‌ಕ್ಯೂಎಲ್ ತಾನೇ ಬರೆದುಕೊಡುವ ಲೈಬ್ರರಿ) ಬಳಸುತ್ತಿಲ್ಲ. ಫಾರ್ಮಿನಲ್ಲಿ ಎಂಟು ಫಿಲ್ಟರ್ ಇವೆ: ಏರಿಯಾ (ಒಂದಕ್ಕಿಂತ ಹೆಚ್ಚು ಆರಿಸಬಹುದು), ಬಿಎಚ್‌ಕೆ, ಕನಿಷ್ಠ ಬಾಡಿಗೆ, ಗರಿಷ್ಠ ಬಾಡಿಗೆ, ಮಹಡಿ, ಯಾವ ದಿನದಿಂದ ಬೇಕು, ಸೌಲಭ್ಯಗಳು (ಲಿಫ್ಟ್, ಪಾರ್ಕಿಂಗ್ ಇತ್ಯಾದಿ), ಜಾಹೀರಾತಿನೊಳಗೆ ಹುಡುಕುವ ಪದ. ಯಾವುದೂ ಕಡ್ಡಾಯವಲ್ಲ. ಸದ್ಯ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಎಸ್‌ಕ್ಯೂಎಲ್ ಪ್ರಶ್ನೆ, ಹೀಗಿದೆ (ಕೀವರ್ಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ; $1, $2 ಎಂಬವು ಫಿಲ್ಟರ್‌ನ ಮೌಲ್ಯ ಬರುವ ಜಾಗಗಳು, ನಲ್ ಎಂದರೆ ಮೌಲ್ಯವೇ ಇಲ್ಲ):

ಸೆಲೆಕ್ಟ್ * ಫ್ರಮ್ ಮನೆ
ವೇರ್ ($1 ಈಸ್ ನಲ್ ಆರ್ ಏರಿಯಾ_ಐಡಿ = $1)
ಆಂಡ್ ($2 ಈಸ್ ನಲ್ ಆರ್ ಬಿಎಚ್‌ಕೆ = $2)
ಆಂಡ್ ($3 ಈಸ್ ನಲ್ ಆರ್ ಬಾಡಿಗೆ >= $3)
... ಹೀಗೇ ಎಂಟರವರೆಗೆ.

ಎರಡು ತೊಂದರೆ. ಒಂದು, ಕೆಲವೊಮ್ಮೆ "ಪ್ಯಾರಾಮೀಟರ್‌ನ ಡೇಟಾ ಟೈಪ್ ಗೊತ್ತಾಗುತ್ತಿಲ್ಲ" ಎಂಬ ದೋಷ ಬರುತ್ತದೆ. ಎರಡು, ಸರ್ವರ್ ಶುರುವಾದಾಗ ವೇಗವಾಗಿರುವ ಹುಡುಕಾಟ ಸ್ವಲ್ಪ ಹೊತ್ತಿನ ಮೇಲೆ ನಿಧಾನವಾಗುತ್ತದೆ. ಅದೇ ಫಿಲ್ಟರ್, ಅದೇ ಡೇಟಾ. ಸ್ಟ್ರಿಂಗ್ ಜೋಡಿಸಿ ಕ್ವೆರಿ ಕಟ್ಟಿದರೆ ಇಂಜೆಕ್ಷನ್ (ಬಳಕೆದಾರರು ಬರೆದದ್ದು ಎಸ್‌ಕ್ಯೂಎಲ್ ಆಜ್ಞೆಯಾಗಿ ಓಡಿಬಿಡುವ) ಅಪಾಯ ಎಂದು ಓದಿ ಈ ದಾರಿ ಹಿಡಿದೆವು. ಸರಿಯಾದ ಪದ್ಧತಿ ಯಾವುದು?

ಕೋಥ್ರೂಡ್ ಕಟ್ಟೆ

ನಿಮ್ಮ ಎರಡೂ ತೊಂದರೆಯ ಬೇರು ಒಂದೇ: ಬಳಕೆದಾರರು ಕೇಳದೇ ಇದ್ದದ್ದನ್ನೂ ಕ್ವೆರಿಯೊಳಗೆ ಇಟ್ಟಿದ್ದೀರಿ. ತುಂಬದ ಫಿಲ್ಟರ್ ಎಸ್‌ಕ್ಯೂಎಲ್‌ನಲ್ಲಿ ಇರಲೇಬಾರದು.

ಮೊದಲು ಟೈಪ್ ದೋಷ. "$1 ಈಸ್ ನಲ್" ಎಂಬಲ್ಲಿ $1 ಅಂಕಿಯೋ ಪಠ್ಯವೋ ಎಂದು ತಿಳಿಯಲು ಪೋಸ್ಟ್‌ಗ್ರೆಸ್‌ಗೆ ಯಾವ ಸುಳಿವೂ ಇಲ್ಲ. ಸೈಕಾಪ್‌ಜಿ 2 ಮೌಲ್ಯಗಳನ್ನು ತಾನೇ ಕ್ವೆರಿಗೆ ಸೇರಿಸಿ ಕಳಿಸುತ್ತಿತ್ತು. 3 ಹಾಗಲ್ಲ, ಮೌಲ್ಯವನ್ನು ಬೇರೆಯಾಗಿ ಸರ್ವರ್‌ಗೆ ಕಳಿಸುತ್ತದೆ, ಅದಕ್ಕೇ ಈ ದೋಷ ಕಣ್ಣಿಗೆ ಬೀಳುತ್ತಿದೆ. $1 ಪಕ್ಕದಲ್ಲಿ ಇಂಟೀಜರ್ ಎಂದು ಕಾಸ್ಟ್ (ಟೈಪ್ ಸೂಚನೆ) ಬರೆದರೆ ದೋಷ ಹೋಗುತ್ತದೆ, ಆದರೆ ನಿಧಾನ ಹೋಗುವುದಿಲ್ಲ.

ನಿಧಾನವಾಗುವುದಕ್ಕೆ ಕಾರಣ ಜೆನೆರಿಕ್ ಪ್ಲಾನ್ ಇರಬೇಕು. ಪ್ಲಾನ್ ಎಂದರೆ ಸಾಲುಗಳನ್ನು ಯಾವ ದಾರಿಯಲ್ಲಿ ಹುಡುಕಬೇಕೆಂದು ಪೋಸ್ಟ್‌ಗ್ರೆಸ್ ಮಾಡಿಕೊಳ್ಳುವ ಯೋಜನೆ. ಒಂದೇ ಕ್ವೆರಿ ಒಂದೇ ಕನೆಕ್ಷನ್‌ನಲ್ಲಿ ಐದು ಸಲ ಓಡಿದ ಮೇಲೆ ಸೈಕಾಪ್‌ಜಿ 3 ಅದನ್ನು ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಸರ್ವರ್‌ನಲ್ಲಿ ಮೊದಲೇ ಸಿದ್ಧವಾಗಿಟ್ಟ ಕ್ವೆರಿ) ಮಾಡುತ್ತದೆ. ಅಲ್ಲಿಂದ ಮುಂದಿನ ಐದು ಸಲ ಪೋಸ್ಟ್‌ಗ್ರೆಸ್ ನಿಜವಾದ ಮೌಲ್ಯ ನೋಡಿ ಪ್ಲಾನ್ (ಕಸ್ಟಮ್ ಪ್ಲಾನ್) ಮಾಡುತ್ತದೆ. ಆಮೇಲೆ ಮೌಲ್ಯ ನೋಡದ ಒಂದು ಸಾಮಾನ್ಯ (ಜೆನೆರಿಕ್) ಪ್ಲಾನ್ ತಯಾರಿಸಿ, ಅದರ ಅಂದಾಜು ವೆಚ್ಚ ಹಿಂದಿನ ಐದರ ಸರಾಸರಿಗಿಂತ ಹೆಚ್ಚಿಲ್ಲದಿದ್ದರೆ ಅದನ್ನೇ ಹಿಡಿದುಕೊಳ್ಳುತ್ತದೆ. ಆ ಐದರಲ್ಲಿ ಕೆಲವರು ಏನೂ ತುಂಬದೆ "ಹುಡುಕು" ಒತ್ತಿದ್ದರೆ ಸರಾಸರಿ ಮೇಲಕ್ಕೆ ಹೋಗಿರುತ್ತದೆ, ಸಾಮಾನ್ಯ ಪ್ಲಾನ್ ಅಗ್ಗವಾಗಿ ಕಾಣುತ್ತದೆ. ಆದರೆ ಆ ಪ್ಲಾನ್‌ನಲ್ಲಿ "ಈಸ್ ನಲ್ ಆರ್" ಇರುವ ಷರತ್ತಿಗೆ ಇಂಡೆಕ್ಸ್ (ಸಾಲು ಬೇಗ ಹುಡುಕಿಕೊಡುವ ಸೂಚಿ) ಬಳಸಲಾಗದು. $1 ನಲ್ ಆಗಿದ್ದರೆ ಎಲ್ಲ ಸಾಲೂ ಬೇಕಲ್ಲ? ಹಾಗಾಗಿ ಇಡೀ ಟೇಬಲ್ ಓದುತ್ತದೆ, ವಾಕಡ್‌ನ 2 ಬಿಎಚ್‌ಕೆ ಕೇಳಿದವರಿಗೂ ಸಹ.

ಊಹೆ ಬೇಡ, ನೋಡಿಯೇ ತಿಳಿಯಿರಿ. ಪೋಸ್ಟ್‌ಗ್ರೆಸ್ 16ರಲ್ಲಿ ಎಕ್ಸ್‌ಪ್ಲೇನ್‌ಗೆ (ಪ್ಲಾನ್ ತೋರಿಸುವ ಆಜ್ಞೆ) ಜೆನೆರಿಕ್_ಪ್ಲಾನ್ ಎಂಬ ಆಯ್ಕೆ ಬಂದಿದೆ. $1, $2 ಇರುವ ಕ್ವೆರಿಯನ್ನು ಹಾಗೆಯೇ ಕೊಡಬಹುದು (ಜೊತೆಗೆ ಅನಲೈಜ್ ಹಾಕಬೇಡಿ, ಎರಡೂ ಒಟ್ಟಿಗೆ ನಡೆಯುವುದಿಲ್ಲ). ಅದೇ ಕನೆಕ್ಷನ್‌ನಲ್ಲಿ ಪಿಜಿ_ಪ್ರಿಪೇರ್ಡ್_ಸ್ಟೇಟ್‌ಮೆಂಟ್ಸ್ ವ್ಯೂ ತೆರೆದರೆ ಜೆನೆರಿಕ್ ಪ್ಲಾನ್ ಎಷ್ಟು ಸಲ, ಕಸ್ಟಮ್ ಪ್ಲಾನ್ ಎಷ್ಟು ಸಲ ಓಡಿತು ಎಂಬ ಎರಡು ಕಾಲಂ ಸಿಗುತ್ತವೆ. ಪ್ಲಾನ್_ಕ್ಯಾಷ್_ಮೋಡ್ ಅನ್ನು ಫೋರ್ಸ್_ಕಸ್ಟಮ್_ಪ್ಲಾನ್ ಮಾಡಿದರೆ ಇವತ್ತಿನ ಮಟ್ಟಿಗೆ ವೇಗ ಮರಳುತ್ತದೆ. ಅದು ತಾತ್ಕಾಲಿಕ ಉಪಾಯವೇ ಹೊರತು ರಿಪೇರಿ ಅಲ್ಲ.

ಇನ್ನು ಸ್ಟ್ರಿಂಗ್ ಜೋಡಣೆಯ ಭಯ. ಅಪಾಯ ಇರುವುದು ಬಳಕೆದಾರರ ಮೌಲ್ಯವನ್ನು ಸ್ಟ್ರಿಂಗ್‌ಗೆ ಅಂಟಿಸುವುದರಲ್ಲಿ. ನಿಮ್ಮದೇ ಕೋಡ್‌ನಲ್ಲಿ ಬರೆದಿಟ್ಟ ಷರತ್ತಿನ ತುಂಡುಗಳನ್ನು ಜೋಡಿಸುವುದರಲ್ಲಿ ಅಪಾಯವಿಲ್ಲ. ಷರತ್ತೂ ಅದರ ಮೌಲ್ಯವೂ ಯಾವಾಗಲೂ ಜೋಡಿಯಾಗಿ ಸೇರಬೇಕು, ಜೋಡಿಯಾಗಿ ಬಿಡಬೇಕು:

ಷರತ್ತು = ["ಸ್ಥಿತಿ = 'ಖಾಲಿ'"]
ಮೌಲ್ಯ = {}
ಬಿಎಚ್‌ಕೆ ಕೊಟ್ಟಿದ್ದರೆ:
  ಷರತ್ತಿಗೆ ಸೇರಿಸಿ "ಬಿಎಚ್‌ಕೆ = :ಬಿಎಚ್‌ಕೆ"
  ಮೌಲ್ಯಕ್ಕೆ ಸೇರಿಸಿ ಬಿಎಚ್‌ಕೆ
ಗರಿಷ್ಠ ಬಾಡಿಗೆ ಕೊಟ್ಟಿದ್ದರೆ:
  ಷರತ್ತಿಗೆ ಸೇರಿಸಿ "ಬಾಡಿಗೆ <= :ಗರಿಷ್ಠ"
  ಮೌಲ್ಯಕ್ಕೆ ಸೇರಿಸಿ ಗರಿಷ್ಠ
ಕೊನೆಗೆ: "ವೇರ್ " + " ಆಂಡ್ ".ಜಾಯಿನ್(ಷರತ್ತು)

ಕೋಲನ್ ಇರುವ ಹೆಸರು ಪ್ಲೇಸ್‌ಹೋಲ್ಡರ್ ಎಂದು ಓದಿಕೊಳ್ಳಿ, ಸೈಕಾಪ್‌ಜಿಯಲ್ಲಿ ಅದರ ರೂಪ ಶೇಕಡಾ ಚಿಹ್ನೆ ಮತ್ತು ಕಂಸದ್ದು. $1, $2 ಎಂಬ ಕ್ರಮಸಂಖ್ಯೆಗಿಂತ ಹೆಸರೇ ವಾಸಿ. ನಡುವೆ ಒಂದು ಫಿಲ್ಟರ್ ಬಿಟ್ಟುಹೋದಾಗ ಸಂಖ್ಯೆ ಜಾರಿ, ಬಾಡಿಗೆಯ ಜಾಗಕ್ಕೆ ಮಹಡಿ ಹೋಗಿ ಕೂತರೆ ದೋಷವೇ ಬರುವುದಿಲ್ಲ. ಎರಡೂ ಅಂಕಿಗಳಲ್ಲವೇ, ತಪ್ಪು ಫಲಿತಾಂಶ ಸದ್ದಿಲ್ಲದೆ ಬರುತ್ತದೆ.

ಹೀಗೆ ಕಟ್ಟಿದಾಗ ಪ್ರತಿ ಫಿಲ್ಟರ್ ಸಂಯೋಜನೆಗೂ ಬೇರೆ ಬೇರೆ ಎಸ್‌ಕ್ಯೂಎಲ್ ಪಠ್ಯ ಆಗುತ್ತದೆ, ಪ್ರತಿಯೊಂದಕ್ಕೂ ತನ್ನದೇ ಪ್ಲಾನ್. ಒಂದು ಫಿಲ್ಟರ್‌ಗೆ ಒಂದೇ ಷರತ್ತು ಎಂದುಕೊಂಡರೆ ಎಂಟು ಫಿಲ್ಟರ್‌ಗೆ ಹೆಚ್ಚೆಂದರೆ 256 ರೂಪ, ಸಾಮಾನ್ಯವಾಗಿ ಓಡುವುದು ಬೆರಳೆಣಿಕೆ. "ವೇರ್ 1 = 1" ಎಂದು ಶುರು ಮಾಡಿ ಎಲ್ಲದಕ್ಕೂ "ಆಂಡ್" ಹಚ್ಚುವ ಪದ್ಧತಿಯೂ ತಪ್ಪಲ್ಲ, ಪ್ಲಾನರ್ ಅದನ್ನು ತೆಗೆದುಹಾಕುತ್ತದೆ, ವೆಚ್ಚ ಇಲ್ಲ. ನಿಮಗೆ ಹೇಗೂ ಸ್ಥಿತಿಯ ಷರತ್ತು ಕಾಯಂ ಇದೆ, ಅದರ ಅಗತ್ಯ ಬೀಳದು.

ಇನ್ನೊಂದು ಅಡ್ಡದಾರಿ ಕೆಲವರು ಹೇಳುತ್ತಾರೆ: "ಬಾಡಿಗೆ = ಕೋಅಲೆಸ್($3, ಬಾಡಿಗೆ)", ಅಂದರೆ $3 ನಲ್ ಆದರೆ ಅದರ ಬದಲು ಬಾಡಿಗೆಯನ್ನೇ ತೆಗೆದುಕೊ ಎಂದು. ದಯವಿಟ್ಟು ಆ ಕಡೆ ಹೋಗಬೇಡಿ. ಬಾಡಿಗೆ ನಲ್ ಇರುವ ಮನೆ, ಅಂದರೆ "ಮಾತಾಡಿ ಹೇಳುತ್ತೇವೆ" ಎಂದವರದು, ಫಿಲ್ಟರ್ ಖಾಲಿ ಇದ್ದರೂ ಮಾಯವಾಗುತ್ತದೆ, ಏಕೆಂದರೆ ನಲ್ = ನಲ್ ಎಂಬುದು ನಿಜವಲ್ಲ.

ಡೊಂಬಿವಲಿ ಲೋಕಲ್

ಮೇಲಿನದಕ್ಕೆ ಪೂರ್ತಿ ಸಹಮತ. ಆದರೆ "ಕೊಟ್ಟಿದ್ದರೆ" ಎಂಬ ಪದದ ಒಳಗೇ ಅರ್ಧ ಬಗ್‌ಗಳು ಅಡಗಿರುತ್ತವೆ, ಅದನ್ನು ಬಿಡಿಸಿ ಹೇಳಬೇಕು.

ಎಚ್‌ಟಿಎಂಎಲ್ ಫಾರ್ಮ್ ಖಾಲಿ ಪೆಟ್ಟಿಗೆಯನ್ನು ನಲ್ ಎಂದು ಕಳಿಸುವುದಿಲ್ಲ, ಖಾಲಿ ಸ್ಟ್ರಿಂಗ್ ಎಂದು ಕಳಿಸುತ್ತದೆ. ಕೆಲವರು ಅದರಲ್ಲಿ ಒಂದು ಸ್ಪೇಸ್ ಒತ್ತಿರುತ್ತಾರೆ. ಹಾಗಾಗಿ ಎಸ್‌ಕ್ಯೂಎಲ್ ಹತ್ತಿರ ಹೋಗುವ ಮೊದಲೇ, ಒಂದೇ ಫಂಕ್ಷನ್‌ನಲ್ಲಿ: ಸ್ಟ್ರಿಪ್ ಮಾಡಿ (ಅಕ್ಕಪಕ್ಕದ ಸ್ಪೇಸ್ ತೆಗೆದು), ಖಾಲಿಯಾದರೆ ನನ್ (None, ಪೈಥಾನ್‌ನಲ್ಲಿ "ಮೌಲ್ಯ ಇಲ್ಲ"), ಇಲ್ಲವಾದರೆ ಟೈಪ್ ಬದಲಿಸಿ. ಕ್ವೆರಿ ಕಟ್ಟುವ ಕೋಡ್‌ಗೆ ಸಿಗುವುದು ನನ್ ಅಥವಾ ಸರಿಯಾದ ಟೈಪ್‌ನ ಮೌಲ್ಯ, ಈ ಎರಡೇ.

ಅಲ್ಲಿ "ಇಫ್ ಮಹಡಿ:" ಎಂದು ಬರೆಯಬೇಡಿ, "ಇಫ್ ಮಹಡಿ ಈಸ್ ನಾಟ್ ನನ್:" ಎಂದೇ ಬರೆಯಿರಿ. ಪೈಥಾನ್‌ನಲ್ಲಿ 0 ಎಂದರೆ ಸುಳ್ಳು. ನಿಮ್ಮ ಟೇಬಲ್‌ನಲ್ಲಿ 0 ಎಂದರೆ ಗ್ರೌಂಡ್ ಫ್ಲೋರ್. ಮೊಣಕಾಲು ನೋವಿರುವ ಅಪ್ಪ-ಅಮ್ಮನಿಗಾಗಿ ಗ್ರೌಂಡ್ ಫ್ಲೋರ್ ಹುಡುಕುವವರಿಗೆ ಹನ್ನೆರಡನೇ ಮಹಡಿ ತೋರಿಸಿದಂತಾಗುತ್ತದೆ, ಲಾಗ್‌ನಲ್ಲಿ ದೋಷವೂ ಇರುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲೂ ಇದೇ ಕಥೆ.

ಚೆಕ್‌ಬಾಕ್ಸ್‌ಗೆ ಟಿಕ್ ಹಾಕದಿದ್ದರೆ ಬ್ರೌಸರ್ ಅದನ್ನು ಕಳಿಸುವುದೇ ಇಲ್ಲ. ಅದರರ್ಥ "ಇದ್ದರೂ ಸರಿ ಇಲ್ಲದಿದ್ದರೂ ಸರಿ", "ಬೇಡ" ಎಂದಲ್ಲ. ಇದನ್ನು ಫಾಲ್ಸ್ ಎಂದು ಓದಿದರೆ ಲಿಫ್ಟ್ ಇರುವ ಮನೆಗಳೆಲ್ಲ ಹೊರಬೀಳುತ್ತವೆ. "ಬೇಕು / ಬೇಡ / ಪರವಾಗಿಲ್ಲ" ಮೂರೂ ಅರ್ಥ ಬೇಕಾದ ಕಡೆ ಚೆಕ್‌ಬಾಕ್ಸ್ ಬಿಟ್ಟು ಡ್ರಾಪ್‌ಡೌನ್ ಇಡಿ.

ಬಾಡಿಗೆ ಪೆಟ್ಟಿಗೆಯಲ್ಲಿ ಜನ 25,000 ಎಂದು ಕಾಮಾ ಹಾಕಿ ಬರೆಯುತ್ತಾರೆ, ಪೈಥಾನ್‌ನ ಇಂಟ್ ಅದಕ್ಕೆ ವ್ಯಾಲ್ಯೂಎರರ್ ಕೊಡುತ್ತದೆ. ಕಾಮಾ, ರೂಪಾಯಿ ಚಿಹ್ನೆ ಮೊದಲು ತೆಗೆಯಿರಿ. ಕನ್ನಡ ಕೀಬೋರ್ಡ್‌ನವರು ೨೫೦೦೦ ಎಂದೂ ಬರೆಯಬಹುದು. ಪೈಥಾನ್‌ನ ಇಂಟ್ ಕನ್ನಡ ಅಂಕಿಗಳನ್ನು ಸರಿಯಾಗಿ ಓದುತ್ತದೆ, ಜಾವಾಸ್ಕ್ರಿಪ್ಟ್‌ನ ನಂಬರ್ ಓದುವುದಿಲ್ಲ, ನ್ಯಾನ್ ("ಅಂಕಿಯಲ್ಲ") ಕೊಡುತ್ತದೆ. ಬ್ರೌಸರ್‌ನಲ್ಲೇ ಪರೀಕ್ಷೆ ಮಾಡಿ "ತಪ್ಪು ಅಂಕಿ" ಎಂದು ತಡೆಯುವ ಕೋಡ್ ಇದ್ದರೆ ಇಲ್ಲಿ ಎಡವುತ್ತದೆ.

ಓದಲಾಗದ ಮೌಲ್ಯವನ್ನು ಮಾತ್ರ ಸುಮ್ಮನೆ ನನ್ ಮಾಡಬೇಡಿ. ಖಾಲಿ ಬಿಟ್ಟದ್ದು ಬೇರೆ, ತಪ್ಪಾಗಿ ಬರೆದದ್ದು ಬೇರೆ. ಎರಡನೆಯದಕ್ಕೆ ಪೆಟ್ಟಿಗೆಯ ಕೆಳಗೆ ಸಂದೇಶ ತೋರಿಸಿ. ಕನಿಷ್ಠ ಬಾಡಿಗೆ ಗರಿಷ್ಠಕ್ಕಿಂತ ಹೆಚ್ಚಿದ್ದರೂ ಹಾಗೇ. ಸೊನ್ನೆ ಫಲಿತಾಂಶ ಕೊಟ್ಟರೆ ಬಳಕೆದಾರರು "ಬಾಣೇರ್‌ನಲ್ಲಿ ಮನೆಯೇ ಇಲ್ಲ" ಎಂದುಕೊಂಡು ಹೋಗುತ್ತಾರೆ.

ದಿನದ ಫಿಲ್ಟರ್: ಲಭ್ಯ_ದಿನ ನಲ್ ಎಂದರೆ "ಈಗಲೇ ಖಾಲಿ" ಎಂದು ನೀವು ಇಟ್ಟುಕೊಂಡಿದ್ದರೆ "ಲಭ್ಯ_ದಿನ <= :ದಿನ" ಸಾಲದು. "(ಲಭ್ಯ_ದಿನ ಈಸ್ ನಲ್ ಆರ್ ಲಭ್ಯ_ದಿನ <= :ದಿನ)" ಬೇಕು. ಸುತ್ತಲ ಕಂಸ ಮರೆಯಬೇಡಿ. ಆಂಡ್‌ಗೆ ಆರ್‌ಗಿಂತ ಹಿಡಿತ ಹೆಚ್ಚು. ಕಂಸ ಬಿಟ್ಟರೆ "ಸ್ಥಿತಿ ಖಾಲಿ ಆಂಡ್ ... ಆರ್ ..." ಎರಡು ಹೋಳಾಗಿ, ಬಾಡಿಗೆಗೆ ಹೋಗಿಬಿಟ್ಟ ಮನೆಗಳೂ ಪಟ್ಟಿಗೆ ಬರುತ್ತವೆ. ಪ್ರತಿ ತುಂಡನ್ನೂ ಜೋಡಿಸುವಾಗಲೇ ಕಂಸದೊಳಗೆ ಹಾಕುವುದು ಒಳ್ಳೆಯ ರೂಢಿ.

ಹುಬ್ಬಳ್ಳಿ ಟು ಪಣಜಿ

ಏರಿಯಾ ಬಗ್ಗೆ ಒಂದು ಮಾತು ಹೇಳ್ತೀನ್ರಿ. ಹೆಸರನ್ನ ಸೀದಾ ಪಠ್ಯ ಮಾಡಿ ಇಡಬ್ಯಾಡ್ರಿ. ಒಬ್ರು ಹಿಂಜವಡಿ ಅಂತ ಬರೀತಾರ, ಇನ್ನೊಬ್ರು ಹಿಂಜೆವಾಡಿ, ಇಂಗ್ಲಿಷಿನ್ಯಾಗ ಬರಿಯೋರದು ಮತ್ತೊಂದು ಸ್ಪೆಲ್ಲಿಂಗು. ಪಿನ್‌ಕೋಡ್ ಇಟ್ಕೊಂಡ್ರ ಆತು ಅನ್ಕೋಬ್ಯಾಡ್ರಿ, 411057 ಅನ್ನೂದು ವಾಕಡಕ್ಕೂ ಬರೀತಾರ, ಹಿಂಜವಡಿಗೂ ಬರೀತಾರ. ಏರಿಯಾಕ್ಕ ಒಂದು ಟೇಬಲ್, ಅದರ ಬೇರೆ ಬೇರೆ ಹೆಸರಿಗೆ ಇನ್ನೊಂದು ಟೇಬಲ್ ಮಾಡ್ರಿ. ಫಾರ್ಮಿನ್ಯಾಗ ಹೆಸರು ಟೈಪ್ ಮಾಡಿದ್ರ ಅದು ಐಡಿ ಆಗಿ ಬರಬೇಕು, ಮನೆ ಟೇಬಲಿನ್ಯಾಗ ಹುಡುಕೂದು ಬರೇ ಐಡಿ ಮ್ಯಾಲೆ.

ನಾಲ್ಕೈದು ಏರಿಯಾ ಒಮ್ಮೆ ಆರಿಸಿದ್ರ "ಇನ್" ಬದಲಿ "ಏರಿಯಾ_ಐಡಿ = ಎನಿ(:ಏರಿಯಾಗಳು)" ಹಾಕ್ರಿ. ಸೈಕಾಪ್‌ಜಿ 3 ಪೈಥಾನಿನ ಲಿಸ್ಟನ್ನ ಅರೇ ಮಾಡಿ ಕಳಸತೈತಿ. ಸೈಕಾಪ್‌ಜಿ 2ರಾಗ ಟಪಲ್ ಕೊಟ್ರ "ಇನ್" ನಡೀತಿತ್ತು, 3ರಾಗ ನಡಿಯಂಗಿಲ್ಲ. ಲಿಸ್ಟ್ ಖಾಲಿ ಬಂತಂದ್ರ "ಇನ್ ()" ಪೋಸ್ಟ್‌ಗ್ರೆಸ್‌ನ್ಯಾಗ ಸಿಂಟ್ಯಾಕ್ಸ್ ಎರರ್, "ಎನಿ" ಖಾಲಿ ಅರೇಗೆ ಒಂದೂ ಸಾಲು ಕೊಡಂಗಿಲ್ಲ. ಎರಡೂ ನಮಗ ಬೇಕಾದ್ದಲ್ಲ. ಲಿಸ್ಟ್ ಖಾಲಿ ಇದ್ರ ಷರತ್ತೇ ಸೇರಸಬ್ಯಾಡ್ರಿ.

ಕೋಥ್ರೂಡ್ ಕಟ್ಟೆ

ಸೌಲಭ್ಯ ಮತ್ತು ವಿಂಗಡಣೆ ಬಾಕಿ ಉಳಿದಿತ್ತು.

ಸೌಲಭ್ಯಗಳು ಬೇರೆ ಟೇಬಲ್‌ನಲ್ಲಿ (ಮನೆ_ಸೌಲಭ್ಯ) ಇದ್ದರೆ ಅದನ್ನು ಜಾಯಿನ್ ಮಾಡಿ "ಸೌಲಭ್ಯ = ಲಿಫ್ಟ್ ಆಂಡ್ ಸೌಲಭ್ಯ = ಪಾರ್ಕಿಂಗ್" ಎಂದರೆ ಯಾವಾಗಲೂ ಸೊನ್ನೆ, ಒಂದೇ ಸಾಲು ಎರಡೂ ಆಗಲಾರದು. "ಇನ್" ಎಂದರೆ ಎರಡರಲ್ಲಿ ಒಂದಿದ್ದವೂ ಬರುತ್ತವೆ, ಎರಡೂ ಇರುವ ಮನೆ ಎರಡು ಸಲ ಬರುತ್ತದೆ. ಆಗ ಲಿಮಿಟ್ 20 ಎಂದರೂ ಪುಟದಲ್ಲಿ ಇಪ್ಪತ್ತು ಬೇರೆ ಬೇರೆ ಮನೆ ಕಾಣುವುದಿಲ್ಲ. ಆರಿಸಿದ ಪ್ರತಿ ಸೌಲಭ್ಯಕ್ಕೂ ಒಂದೊಂದು "ಎಕ್ಸಿಸ್ಟ್ಸ್ (ಸೆಲೆಕ್ಟ್ 1 ಫ್ರಮ್ ಮನೆ_ಸೌಲಭ್ಯ ವೇರ್ ಮನೆ_ಐಡಿ = ಮನೆ.ಐಡಿ ಆಂಡ್ ಸೌಲಭ್ಯ_ಐಡಿ = :ಸೌ1)" ಸೇರಿಸಿ. ಹೆಸರು ಸೌ1, ಸೌ2 ಎಂದು ಬದಲಾಗಲಿ. ಆ ಟೇಬಲ್‌ಗೆ (ಮನೆ_ಐಡಿ, ಸೌಲಭ್ಯ_ಐಡಿ) ಎಂಬ ಪ್ರೈಮರಿ ಕೀ ಇದ್ದರೆ ಇದು ಅಗ್ಗ.

ವಿಂಗಡಣೆ ಎಂದರೆ ಆರ್ಡರ್ ಬೈ. ಇಲ್ಲಿ ಪ್ಲೇಸ್‌ಹೋಲ್ಡರ್ ಕೆಲಸ ಮಾಡುವುದಿಲ್ಲ, ಮತ್ತು ಕೆಟ್ಟ ವಿಷಯವೆಂದರೆ ದೋಷವೂ ಬರುವುದಿಲ್ಲ. "ಆರ್ಡರ್ ಬೈ $1"ಗೆ ಬಾಡಿಗೆ ಎಂಬ ಪಠ್ಯ ಕೊಟ್ಟರೆ ಅದು ಎಲ್ಲ ಸಾಲಿಗೂ ಒಂದೇ ಸ್ಥಿರ ಮೌಲ್ಯ, ವಿಂಗಡಣೆ ನಡೆಯುವುದೇ ಇಲ್ಲ. ಬಳಕೆದಾರರು ಕಳಿಸಿದ ಕಾಲಂ ಹೆಸರನ್ನು ನೇರವಾಗಿ ಅಂಟಿಸಿದರೆ ಇಂಜೆಕ್ಷನ್‌ಗೆ ಬಾಗಿಲು. ಹಾಗಾಗಿ ಒಂದು ಡಿಕ್ಷನರಿ: "ಅಗ್ಗ" ಎಂದು ಬಂದರೆ "ಬಾಡಿಗೆ, ಐಡಿ", "ಹೊಸದು" ಎಂದು ಬಂದರೆ "ಸೇರಿಸಿದ_ಸಮಯ ಡೆಸ್ಕ್, ಐಡಿ ಡೆಸ್ಕ್" (ಡೆಸ್ಕ್ ಎಂದರೆ ಇಳಿಕೆಯ ಕ್ರಮ). ಡಿಕ್ಷನರಿಯಲ್ಲಿ ಇಲ್ಲದ್ದು ಬಂದರೆ ಡೀಫಾಲ್ಟ್. ಕೊನೆಯಲ್ಲಿ ಐಡಿ ಇರಲೇಬೇಕು. 20,000 ಬಾಡಿಗೆಯ ಮನೆಗಳು ಐವತ್ತಿದ್ದರೆ ಅವುಗಳ ನಡುವಿನ ಕ್ರಮ ಪ್ರತಿ ಸಲವೂ ಒಂದೇ ಇರುತ್ತದೆಂಬ ಖಾತ್ರಿ ಇಲ್ಲ, ಮೊದಲ ಪುಟದ ಮನೆ ಎರಡನೇ ಪುಟದಲ್ಲೂ ಕಾಣಿಸಬಹುದು, ಇನ್ನೊಂದು ಎಲ್ಲೂ ಕಾಣದೇ ಹೋಗಬಹುದು.

"ಒಟ್ಟು ಇಷ್ಟು ಮನೆ" ಎಂಬ ಎಣಿಕೆಯೂ ತೋರಿಸುವುದಾದರೆ ಷರತ್ತು ಮತ್ತು ಮೌಲ್ಯ ಎರಡನ್ನೂ ಒಂದೇ ಫಂಕ್ಷನ್‌ನಿಂದ ಪಡೆದು ಎರಡೂ ಕ್ವೆರಿಗೆ ಕೊಡಿ. ಎರಡು ಕಡೆ ಬರೆದರೆ ಮುಂದೆ ಒಂಬತ್ತನೇ ಫಿಲ್ಟರ್ ಸೇರಿಸುವವರು ಒಂದು ಕಡೆ ಮರೆಯುತ್ತಾರೆ.

ಇಂಡೆಕ್ಸ್: (ಏರಿಯಾ_ಐಡಿ, ಬಿಎಚ್‌ಕೆ, ಬಾಡಿಗೆ), ಇದೇ ಕ್ರಮದಲ್ಲಿ. ಸಮ ಚಿಹ್ನೆಯವು ಮೊದಲು, ವ್ಯಾಪ್ತಿಯದು ಕೊನೆಗೆ. ಎಲ್ಲ ಸಂಯೋಜನೆಗೂ ಇಂಡೆಕ್ಸ್ ಮಾಡಲು ಹೋಗಬೇಡಿ, ಬರೆಯುವಾಗಿನ ಭಾರ ಹೆಚ್ಚುತ್ತದೆ. ಜನ ನಿಜವಾಗಿ ಯಾವ ಫಿಲ್ಟರ್ ತುಂಬುತ್ತಾರೆ ಎಂದು ಲಾಗ್ ನೋಡಿ ಎರಡು-ಮೂರು ಸಾಕು. ಖಾಲಿ ಮನೆಗಳಷ್ಟೇ ಹುಡುಕುವುದರಿಂದ ಇಂಡೆಕ್ಸ್‌ಗೆ "ವೇರ್ ಸ್ಥಿತಿ = 'ಖಾಲಿ'" ಹಚ್ಚಿ ಪಾರ್ಷಿಯಲ್ ಮಾಡಿದರೆ ಚಿಕ್ಕದಾಗಿ ಉಳಿಯುತ್ತದೆ. ಆಗ ಕ್ವೆರಿಯಲ್ಲೂ ಆ ಷರತ್ತು ಅಕ್ಷರಶಃ ಹಾಗೇ ಇರಬೇಕು. "ಸ್ಥಿತಿ = :ಸ್ಥಿತಿ" ಎಂದು ಪ್ಯಾರಾಮೀಟರ್ ಮಾಡಿದರೆ ಜೆನೆರಿಕ್ ಪ್ಲಾನ್ ಆ ಇಂಡೆಕ್ಸ್ ಮುಟ್ಟುವುದಿಲ್ಲ, ಮೌಲ್ಯ ಏನೆಂದು ಅದಕ್ಕೆ ಗೊತ್ತಿಲ್ಲವಲ್ಲ. ಮೇಲೆ ನಾನು ಅದನ್ನು ನೇರ ಬರೆದದ್ದು ಇದಕ್ಕೇ.

ವಾಕಡ್ ವಾಸಿ

ಎಲ್ಲರಿಗೂ ಧನ್ಯವಾದ. ಪಿಜಿ_ಪ್ರಿಪೇರ್ಡ್_ಸ್ಟೇಟ್‌ಮೆಂಟ್ಸ್ ನೋಡಿದೆ, ಹೇಳಿದ ಹಾಗೇ ಜೆನೆರಿಕ್ ಪ್ಲಾನ್ ಎಣಿಕೆ ಏರುತ್ತಿದೆ. ಷರತ್ತಿನ ಪಟ್ಟಿಗೆ ಬದಲಿಸುತ್ತಿದ್ದೇವೆ. ಉಳಿದದ್ದು ಪದ ಹುಡುಕಾಟ. ಜಾಹೀರಾತುಗಳು ಕನ್ನಡ, ಇಂಗ್ಲಿಷ್ ಬೆರೆತು ಇರುತ್ತವೆ. ಕೆಲವು ಕನ್ನಡ ಪದಗಳು ಕಣ್ಣಿಗೆ ಒಂದೇ ಕಂಡರೂ ಲೈಕ್‌ಗೆ (ಪಠ್ಯದೊಳಗೆ ಪದ ಹುಡುಕುವ ಎಸ್‌ಕ್ಯೂಎಲ್ ಷರತ್ತು) ಸಿಗುತ್ತಿಲ್ಲ.

ಡೊಂಬಿವಲಿ ಲೋಕಲ್

ಸಿಗದಿರಲು ಎರಡು ಕಾರಣ ಇರಬಹುದು, ಎರಡೂ ಕಣ್ಣಿಗೆ ಕಾಣವು.

"ಕೊ" ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಇಡಬಹುದು: ಕ ನಂತರ ಒತ್ವದ ಒಂದೇ ಚಿಹ್ನೆ, ಅಥವಾ ಎತ್ವ ಮತ್ತು ಊತ್ವದ ಎರಡು ಚಿಹ್ನೆ. ಪರದೆಯ ಮೇಲೆ ಒಂದೇ, ಬೈಟ್‌ಗಳಲ್ಲಿ ಬೇರೆ. ಕೀ, ಕೇ, ಕೈ, ಕೋಗಳಿಗೂ ಹೀಗೆ ಬಿಡಿಸಿದ ರೂಪ ಇದೆ. ಎನ್‌ಎಫ್‌ಸಿ (ಯೂನಿಕೋಡ್‌ನ ಜೋಡಿಸಿದ ಪ್ರಮಾಣ ರೂಪ) ನಾರ್ಮಲೈಸ್ ಮಾಡಿದರೆ ಎಲ್ಲ ಒಂದೇ ರೂಪಕ್ಕೆ ಬರುತ್ತವೆ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಇದೆ, ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಫಂಕ್ಷನ್ ಕೂಡ ಇದೆ.

ಎರಡನೆಯದು ಜೀರೋ ವಿಡ್ತ್ ನಾನ್ ಜಾಯಿನರ್, ಅಕ್ಷರ ಒತ್ತಾಗದಂತೆ ತಡೆಯುವ ಕಾಣದ ಚಿಹ್ನೆ. "ಪಾರ್ಕಿಂಗ್‌ಗೆ" ಎಂದು ಬರೆಯುವಾಗ ಗ್ ಮತ್ತು ಗೆ ನಡುವೆ ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಹಾಕದೆ "ಪಾರ್ಕಿಂಗ್ಗೆ" ಎಂದು ಬಿಡುತ್ತಾರೆ. ಎನ್‌ಎಫ್‌ಸಿ ಇದನ್ನು ತೆಗೆಯುವುದಿಲ್ಲ, ನೀವೇ ತೆಗೆಯಬೇಕು. ಆದರೆ ತೋರಿಸುವ ಪಠ್ಯದಿಂದ ತೆಗೆದರೆ ಅಕ್ಷರ ಒತ್ತಾಗಿ ಓದುವುದು ಕಷ್ಟವಾಗುತ್ತದೆ. ಆದ್ದರಿಂದ ಹುಡುಕಲೆಂದೇ ಒಂದು ಪ್ರತ್ಯೇಕ ಕಾಲಂ ಇಡಿ: ಎನ್‌ಎಫ್‌ಸಿ ಮಾಡಿ, ಜಾಯಿನರ್‌ಗಳನ್ನು ತೆಗೆದು, ಇಂಗ್ಲಿಷ್ ಅಕ್ಷರ ಲೋವರ್‌ಕೇಸ್ ಮಾಡಿ ತುಂಬಿ. ಬಳಕೆದಾರರ ಪದಕ್ಕೂ ಅದೇ ಫಂಕ್ಷನ್ ಹಾಯಿಸಿ. ಆಮೇಲೆ ಐಲೈಕ್ (ದೊಡ್ಡ-ಚಿಕ್ಕ ಅಕ್ಷರದ ಭೇದ ನೋಡದ ಲೈಕ್) ಬೇಕಿಲ್ಲ, ಲೈಕ್ ಸಾಕು.

ಪದದೊಳಗೆ % ಅಥವಾ _ ಇದ್ದರೆ ಲೈಕ್ ಅದನ್ನು ವೈಲ್ಡ್‌ಕಾರ್ಡ್ ಎಂದು ಓದುತ್ತದೆ. ಮೊದಲು ಬ್ಯಾಕ್‌ಸ್ಲ್ಯಾಶ್ ಅನ್ನು ಎರಡು ಮಾಡಿ, ನಂತರ % ಮತ್ತು _ ಮುಂದೆ ಬ್ಯಾಕ್‌ಸ್ಲ್ಯಾಶ್ ಹಚ್ಚಿ. ಕ್ರಮ ಉಲ್ಟಾ ಆದರೆ ನೀವೇ ಹಚ್ಚಿದ ಬ್ಯಾಕ್‌ಸ್ಲ್ಯಾಶ್‌ಗಳೂ ಎರಡಾಗಿ ಎಲ್ಲ ಕೆಡುತ್ತದೆ. ಸುತ್ತಲಿನ % ಗಳನ್ನು ಮೌಲ್ಯದಲ್ಲೇ ಸೇರಿಸಿ. ಎಸ್‌ಕ್ಯೂಎಲ್ ಪಠ್ಯದಲ್ಲಿ ಬರೆದರೆ ಸೈಕಾಪ್‌ಜಿ ಅದನ್ನು ಪ್ಲೇಸ್‌ಹೋಲ್ಡರ್ ಎಂದುಕೊಳ್ಳುತ್ತದೆ, ಅಲ್ಲಿ %% ಎಂದೇ ಬರೆಯಬೇಕಾಗುತ್ತದೆ.

ಮುಂದೆ % ಇರುವ ಲೈಕ್‌ಗೆ ಸಾಮಾನ್ಯ ಬಿ-ಟ್ರೀ ಇಂಡೆಕ್ಸ್ ಉಪಯೋಗವಿಲ್ಲ. ಪಠ್ಯವನ್ನು ಮೂರು-ಮೂರು ಚಿಹ್ನೆಯ ತುಂಡು (ಟ್ರೈಗ್ರಾಂ) ಮಾಡುವ ಪಿಜಿ_ಟ್ರಿಜಿಎಂ ಎಕ್ಸ್‌ಟೆನ್ಷನ್ ಹಾಕಿ ಆ ಕಾಲಂ ಮೇಲೆ ಜಿನ್ (ತುಂಡಿನಿಂದ ಸಾಲು ಹುಡುಕುವ ಬಗೆಯ) ಇಂಡೆಕ್ಸ್ ಮಾಡಿ. ಮಾಡುವ ಮೊದಲು ಶೋ_ಟ್ರಿಜಿಎಂ ಫಂಕ್ಷನ್‌ಗೆ ಒಂದು ಕನ್ನಡ ಪದ ಕೊಟ್ಟು ನೋಡಿ. ಖಾಲಿ ಬಂದರೆ ಡೇಟಾಬೇಸ್‌ನ ಲೋಕೇಲ್ (ಭಾಷೆ-ಲಿಪಿಯ ಸೆಟ್ಟಿಂಗ್) ಪರಿಶೀಲಿಸಿ, ಆ ಸ್ಥಿತಿಯಲ್ಲಿ ಇಂಡೆಕ್ಸ್ ಇದ್ದೂ ಪ್ರಯೋಜನವಿಲ್ಲ. ಒಂದೆರಡು ಅಕ್ಷರದ ಪದಕ್ಕೆ ಟ್ರೈಗ್ರಾಂ ಸಿಗುವುದಿಲ್ಲ, ಇಂಡೆಕ್ಸ್ ಪೂರ್ತಿ ಓದಬೇಕಾಗುತ್ತದೆ. ಮೂರು ಚಿಹ್ನೆಗಿಂತ ಚಿಕ್ಕ ಪದ ಬಂದರೆ ಹುಡುಕದೆ, ಇನ್ನಷ್ಟು ಬರೆಯಿರಿ ಎಂದು ಕೇಳಿ. ಲೆಕ್ಕ ಕಣ್ಣಿಗೆ ಕಾಣುವ ಅಕ್ಷರದ್ದಲ್ಲ, ಯೂನಿಕೋಡ್ ಚಿಹ್ನೆಗಳದ್ದು: "ಕೊಳ" ಎಂಬುದು ನಾರ್ಮಲೈಸ್ ಆದ ಮೇಲೆ ಮೂರು.